ಹೂವಪ್ಪ ಲಾಂಚಿನಲ್ಲಿ, ಕೀಬೋರ್ಡ್ ವೇದಿಕೆಯಲ್ಲಿ

ಕೀಬೋರ್ಡ್ ತಾನಾಗಿ ನುಡಿಯುವುದಿಲ್ಲ. ಎಲ್ಲೋ ಒಂದು ಕಡೆ, ಯಾವತ್ತೋ ಒಂದು ದಿನ, ಯಾರೋ ಒಬ್ಬರು ಕೂತು ನುಡಿಸಿರಲೇಬೇಕು. ಇಷ್ಟು ಸಣ್ಣ ಸಂಗತಿ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಲ್ಯಾಣಮಂಟಪಗಳಲ್ಲಿ ವರ್ಷಗಟ್ಟಲೆ ರಿಸೆಪ್ಶನ್ ಊಟ ಮಾಡಿದ್ದೇವೆ, ಗೋಬಿ ಮಂಚೂರಿಗೆ ಸಾಲು ನಿಂತಿದ್ದೇವೆ, ಫೋಟೋಕ್ಕೆ ಹಲ್ಲು ಕಿರಿದಿದ್ದೇವೆ. ವೇದಿಕೆಯ ಮೂಲೆಯ ಕೀಬೋರ್ಡಿನ ಹಿಂದೆ ಯಾರಿದ್ದಾರೆ ಎಂದು ನೋಡಿಲ್ಲ. ನೋಡಿದವರೂ ಕೇಳಿಲ್ಲ.

ನಾನು ನೋಡಿದ್ದು ಕಳೆದ ಡಿಸೆಂಬರಿನಲ್ಲಿ, ಹೊಸನಗರದ ಒಂದು ಮದುವೆಯಲ್ಲಿ. ಅದೂ ಕರೆಂಟ್ ಹೋಗಿದ್ದಕ್ಕೆ.

ಸಂಜೆ ಆರೂಮುಕ್ಕಾಲು. ಮದುಮಕ್ಕಳು ಬಾಗಿಲಿನಿಂದ ವೇದಿಕೆಯ ಕಡೆ ನಡೆದು ಬರುತ್ತಿದ್ದರು. ಸ್ಪೀಕರಿನಲ್ಲಿ ಶಹನಾಯಿ. ಅದರ ಹಿಂದೆಯೇ ಹಾಡು ಎತ್ತಿಕೊಳ್ಳಲು ಬಿಂದು ಮೈಕ್ ಹಿಡಿದು ನಿಂತಿದ್ದರು. ಬಿಂದು ಮೇಳಿಗೆಯವರು, ಸಾಗರದ ‘ವರದಾ ಮೆಲೊಡೀಸ್’ ಎಂಬ ತಂಡದ ಗಾಯಕಿ. ಅವರು ಎರಡು ಸಾಲು ಹಾಡಿದ್ದರೋ ಇಲ್ಲವೋ, ಕರೆಂಟ್ ಹೋಯಿತು. ಜನರೇಟರ್ ಹಿಡಿಯಲು ಅರ್ಧ ನಿಮಿಷ ಬೇಕಾಯಿತು. ದೀಪ ಬಂತು, ಸಂಗೀತವೂ ಬಂತು. ಶಹನಾಯಿ ಮಾತ್ರ ಬರಲಿಲ್ಲ. ಅದೇ ಸ್ವರ, ಅದೇ ಓಟ, ಆದರೆ ಪಿಯಾನೋದಲ್ಲಿ. ಶಹನಾಯಿಯ ಕೊಂಕಿಗೆಂದು ನುಡಿಸಿದ್ದ ಚಿಕ್ಕ ಚಿಕ್ಕ ಸ್ವರಗಳು ಪಿಯಾನೋದಲ್ಲಿ, ಮೆಟ್ಟಿಲ ಮೇಲಿಂದ ಸ್ಟೀಲ್ ಲೋಟದ ಬುಟ್ಟಿ ಉರುಳಿದ ಹಾಗೆ ಕೇಳಿದವು. ಕೊಳಲಿನ ಜಾಗದಲ್ಲೂ ಪಿಯಾನೋ, ಪಿಟೀಲಿನ ಜಾಗದಲ್ಲೂ ಪಿಯಾನೋ. ತಬಲಾ ಒಂದೇ ತನ್ನ ಪಾಡಿಗೆ ಸರಿಯಾಗಿ ಹೊಡೆಯುತ್ತಿತ್ತು. ಮದುಮಗಳು ನಡುದಾರಿಯಲ್ಲಿ ನಿಂತುಬಿಟ್ಟಳು. ಜನ ನಕ್ಕರು. ಬಿಂದು ಮತ್ತೆ ಎತ್ತಿಕೊಂಡರು, ತಪ್ಪಿದರು, ನಿಲ್ಲಿಸಿದರು. ನಕ್ಕವರ ಮೊಬೈಲುಗಳೆಲ್ಲ ಅವರ ಮುಖಕ್ಕೆ ತಿರುಗಿದ್ದವು.

ನಾನು ಮೂಲೆಯ ಕೀಬೋರ್ಡಿನ ಹತ್ತಿರ ಹೋದೆ. ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಹಳೆಯ ಲ್ಯಾಪ್‌ಟಾಪ್. ಮನುಷ್ಯರಿಲ್ಲ. ಕರಿ ಬಿಳಿ ಕೀಲಿಗಳಲ್ಲಿ ಒಂದೂ ಅಲುಗುತ್ತಿಲ್ಲ, ಶಬ್ದ ಮಾತ್ರ ಸುರಿಯುತ್ತಿದೆ.

“ಕೀಬೋರ್ಡಿನವ್ರು ಎಲ್ಲಿ?” ಎಂದು ತಂಡದ ಮುಖ್ಯಸ್ಥ ಗಣೇಶ್ ಅವರನ್ನು ಕೇಳಿದೆ.

ವೈರುಗಳ ನಡುವೆ ಬಗ್ಗಿಕೊಂಡೇ ಅವರು ಹೇಳಿದರು: “ಮೂರು ಗಂಟೆಗೇ ಮನೆಗೆ ಹೋದ್ರು.”

“ಮತ್ತೆ ಈಗ ಬಾರಿಸ್ತಾ ಇರೋದು ಯಾರು?”

“ಅವ್ರೇ ಮಾರ್ರೆ.”

ಎರಡೂ ಉತ್ತರ ನಿಜ ಎಂದು ತಿಳಿಯಲು ನಾನು ತುಮರಿಗೆ ಹೋಗಬೇಕಾಯಿತು.

ಕೀಬೋರ್ಡಿನವರ ಹೆಸರು ಹೂವಪ್ಪ. ಐವತ್ತಮೂರು ವರ್ಷ. ತುಮರಿ ಪೇಟೆಯಿಂದ ಇನ್ನೂ ಐದು ಕಿಲೋಮೀಟರ್ ಒಳಗೆ ಮನೆ. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆಯಲ್ಲಿ ಒಂದೂವರೆ ಎಕರೆ ಈಗ ಇವರ ಹೆಸರಿನಲ್ಲಿದೆ. ಹೆಂಡತಿ ಯಮುನಮ್ಮ ಅಂಗನವಾಡಿ ಕಾರ್ಯಕರ್ತೆ. ಹೂವಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದವರು. ಭಜನೆ ಮಂಡಳಿಯ ಹಾರ್ಮೋನಿಯಂ ಮೇಲೆ ಕೈ ಕಲಿತರು, ಕಲಿಸಿದವರು ಯಾರೂ ಇಲ್ಲ. ಮುಚ್ಚಿಹೋದ ಒಂದು ಆರ್ಕೆಸ್ಟ್ರಾದಿಂದ ಈ ಕೀಬೋರ್ಡ್ ತಂದು ಹದಿನೈದು ವರ್ಷವಾಯಿತು. ಹನ್ನೆರಡು ವರ್ಷದಿಂದ ಗಣೇಶ್ ಅವರ ತಂಡದಲ್ಲಿದ್ದಾರೆ.

ಅವರ ಕಥೆಯಲ್ಲಿ ಮುಖ್ಯ ಪಾತ್ರ ಹಿನ್ನೀರು ದಾಟಿಸುವ ಲಾಂಚಿನದು. ಹೊಳೆಗೆ ಅಣೆಕಟ್ಟು ಕಟ್ಟಿ ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟೆವು. ತುಮರಿ ಸೀಮೆಯವರ ದಾರಿ ಮುಳುಗಿಸಿ ಆರು ದಶಕ ಅವರನ್ನು ದಡದಲ್ಲಿ ಕಾಯಿಸಿದೆವು. ಕತ್ತಲಾಗುವ ಮುಂಚೆ ಕೊನೆಯ ಲಾಂಚ್. ಅದು ತಪ್ಪಿದರೆ ಆ ದಿನಕ್ಕೆ ಮನೆ ಇಲ್ಲ. ಹಾಗಾಗಿ ನಮ್ಮ ಕಡೆ ಮದುವೆಗಳಲ್ಲಿ ಒಂದು ರೂಢಿಯೇ ಬೆಳೆಯಿತು: ‘ಲಾಂಚಿನವರಿಗೆ ಮೊದಲ ಪಂಕ್ತಿ’. ಎಲೆ ಹಾಕುವ ಮುಂಚೆ ಕೂಗಿ ಕರೆದು ಕೂರಿಸುತ್ತಿದ್ದರು. ಅದನ್ನು ಮರ್ಯಾದೆ ಎಂದೇ ನಾವು ತಿಳಿದುಕೊಂಡಿದ್ದೆವು. ಉಂಡ ಕೈ ಒಣಗುವ ಮುಂಚೆ ಎದ್ದು ಓಡುವವರಿಗೆ ಅದು ಏನಾಗಿತ್ತು ಎಂದು ಯಾರೂ ವಿಚಾರಿಸಲಿಲ್ಲ.

ಹೂವಪ್ಪ ಸಾಗರದ ಮದುವೆಯಾದರೆ ಸಂಜೆ ನಾಲ್ಕಕ್ಕೆ ವೇದಿಕೆಯಿಂದ ಏಳಬೇಕು, ಹೊಸನಗರವಾದರೆ ಮೂರಕ್ಕೆ, ತೀರ್ಥಹಳ್ಳಿಯಾಚೆ ಮೇಳಿಗೆಯಾದರೆ ಪಾಯಸ ಬರುವ ಮುಂಚೆ. ರಿಸೆಪ್ಶನ್ ಶುರುವಾಗುವುದು ಆರೂವರೆಗೆ. ಅಂದರೆ ಜನ ಕೂತು ಕೇಳುವ ಹೊತ್ತಿಗೆ ಕೀಬೋರ್ಡಿನವರು ನೀರಿನ ಮೇಲೆ.

“ಏಳು ವರ್ಷದ ಕೆಳಗೆ ಗಣೇಶ ಕಡ್ಡಿ ಮುರಿದಂಗೆ ಹೇಳ್ದ,” ಎಂದು ಹೂವಪ್ಪ ನೆನಪು ಮಾಡಿಕೊಂಡರು. ಜಗಲಿಯಲ್ಲಿ ಬೆಂಚಿನ ಮೇಲೆ ಕೀಬೋರ್ಡ್ ಇತ್ತು. ಹೊಸನಗರದ ಅವಾಂತರದ ಮೇಲೆ ಏನಾಗಿದೆ ನೋಡಲು ಮನೆಗೆ ತಂದಿದ್ದರು. “ಹೂವಪ್ಪಣ್ಣ, ನೀವು ಅರ್ಧ ಮದುವೆ ಕಲಾವಿದ್ರು, ನಂಗೆ ಇಡೀ ಮದುವೆಗೆ ಬೇಕು, ಶಿವಮೊಗ್ಗದವ್ರನ್ನ ನೋಡ್ತೀನಿ ಅಂದ. ತಪ್ಪು ಹೇಳಾಕೆ ಬರಲ್ಲ. ಲಾಂಚಿನ ಟೈಮು ಅಂವನ ಕೈಯಾಗೆ ಇದೆಯಾ?”

ಕೀಬೋರ್ಡಿನ ಬೆನ್ನಿನಲ್ಲಿ ಎರಡು ದುಂಡನೆಯ ಸಾಕೆಟ್ಟುಗಳಿದ್ದವು, ಒಂದೊಂದಕ್ಕೂ ಐದು ತೂತು. ಅಷ್ಟು ವರ್ಷ ಅವು ಯಾಕಿವೆ ಎಂದು ಹೂವಪ್ಪನವರಿಗೆ ಗೊತ್ತಿರಲಿಲ್ಲ. ಧೂಳು ಹೋಗದಿರಲಿ ಎಂದು ಪ್ಲಾಸ್ಟರ್ ಹಚ್ಚಿದ್ದರು. ಆ ಮಳೆಗಾಲದಲ್ಲಿ, ಆಷಾಢ, ಮದುವೆಗಳಿಲ್ಲದ ತಿಂಗಳು, ಪ್ಲಾಸ್ಟರ್ ಕಿತ್ತರು. ಕೀಬೋರ್ಡಿನ ಜೊತೆ ಬಂದಿದ್ದ ಪುಸ್ತಕ ತೆಗೆದರು. ಅದು ಇಂಗ್ಲಿಷಿನಲ್ಲಿತ್ತು. ಪಿಯುಸಿ ಓದಿದ ಯಮುನಮ್ಮ ಅಂಗನವಾಡಿಯಿಂದ ಬಂದು ಕೈಕಾಲು ತೊಳೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡು ಪುಟ ಓದಿ ಹೇಳಿದರು. ಆ ಸಾಕೆಟ್ಟಿನ ಹೆಸರು ಮಿಡಿ. ಅದರಿಂದ ಕೀಬೋರ್ಡನ್ನು ಕಂಪ್ಯೂಟರಿಗೆ ಸೇರಿಸಬಹುದು, ನುಡಿಸಿದ್ದನ್ನು ಬರೆದಿಡಬಹುದು, ಬರೆದದ್ದನ್ನು ಮತ್ತೆ ಕೀಬೋರ್ಡಿನಿಂದಲೇ ನುಡಿಸಬಹುದು.

ಕೇಬಲ್ ತಂದರು, ಒಂದು ಹಳೆಯ ಲ್ಯಾಪ್‌ಟಾಪನ್ನೂ ತಂದರು. ಒಂದು ತುದಿ ಲ್ಯಾಪ್‌ಟಾಪಿಗೆ. ಇನ್ನೊಂದು ತುದಿ ಎರಡು ಕವಲು: ಒಂದರ ಮೇಲೆ ‘ಇನ್’ ಎಂದು, ಇನ್ನೊಂದರ ಮೇಲೆ ‘ಔಟ್’ ಎಂದು ಅಚ್ಚು. ಕೀಬೋರ್ಡಿನ ಬೆನ್ನಿಗೂ ‘ಇನ್’, ‘ಔಟ್’. ಹೂವಪ್ಪ ‘ಇನ್’ ತೆಗೆದು ‘ಇನ್’ಗೆ ಚುಚ್ಚಿದರು, ‘ಔಟ್’ ತೆಗೆದು ‘ಔಟ್’ಗೆ. ನೀವಾದರೂ ಹಾಗೇ ಮಾಡುತ್ತಿದ್ದಿರಿ. ಎಂಟು ದಿನ ನುಡಿಸಿದರು. ಪರದೆಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ.

“ಕೇಬಲ್ ಸತ್ತಿದೆ, ವಾಪಸ್ ಕೊಡ್ತೀನಿ ಅಂತ ಚೀಲಕ್ಕೆ ತುಂಬಿದ್ರು,” ಎಂದು ಯಮುನಮ್ಮ ಒಳಗಿಂದ ಹೇಳಿದರು.

“ನೀ ಒಂದು ಸುಮ್ನಿರೆ.”

“ಯಾಕೆ ಸುಮ್ನಿರ್ಲಿ? ನಾನೇ ಹೇಳಿದ್ದು. ಬಾಯಿಂದ ಹೊರಟಿದ್ದು ಕಿವಿಗೆ ಹೋಗ್ಬೇಕಲ್ರೀ, ನೀವು ಬಾಯಿಗೆ ಬಾಯಿ ಹಚ್ಚಿದೀರಿ, ಕೇಳೋರು ಯಾರು ಅಂತ. ತಿರುಗಿಸಿ ಚುಚ್ಚಿದ್ರು. ಆತು.”

ಹೂವಪ್ಪ ನಕ್ಕರು. “ಹದಿನೈದು ವರ್ಷ ಕೀಬೋರ್ಡ್ ಬಾರ್ಸಿದವ್ನಿಗೆ ಬಾಯಿ ಯಾವುದು ಕಿವಿ ಯಾವುದು ಅಂತ ಅಂಗನವಾಡಿ ಟೀಚರು ಹೇಳ್ಕೊಡ್ಬೇಕಾತು.”

“ಎಂಟು ವರ್ಷ ಆಗಿತ್ತು ಅವಾಗ. ಲೆಕ್ಕನೂ ಬರಲ್ಲ ಇವ್ರಿಗೆ.”

ನನಗೆ ಅರ್ಥವಾಗದಿದ್ದದ್ದು ಒಂದೇ. ಇದು ಟೇಪ್‌ರೆಕಾರ್ಡರಿನ ಕೆಲಸವೇ ಆದರೆ, ಹೊಸನಗರದಲ್ಲಿ ಶಹನಾಯಿ ಪಿಯಾನೋ ಆಗಿದ್ದು ಹೇಗೆ? ಟೇಪಿನಲ್ಲಿ ತುಂಬಿದ ಶಹನಾಯಿ ಕರೆಂಟ್ ಹೋಗಿ ಬಂದರೂ ಶಹನಾಯಿಯೇ ಆಗಿರಬೇಕಲ್ಲ?

“ಇದ್ರಾಗೆ ಶಬ್ದನೇ ಇಲ್ಲ,” ಎಂದರು ಹೂವಪ್ಪ. “ಬನ್ನಿ, ಒಂದು ಮೂರು ಕೀಲಿ ಒತ್ತಿ.”

ನಾನು ಒತ್ತಿದೆ. ಒಂದನ್ನು ಮೆಲ್ಲಗೆ, ಒಂದನ್ನು ಜೋರಾಗಿ, ಮೂರನೆಯದನ್ನು ಹೆದರಿಕೊಂಡು. ಪರದೆಯ ಮೇಲೆ ಮೂರು ಪುಟ್ಟ ಗೆರೆ ಮೂಡಿದವು. ಹೂವಪ್ಪ ಒಂದೊಂದನ್ನೂ ಮುಟ್ಟಿ ತೋರಿಸಿದರು: ಯಾವ ಕೀಲಿ, ಯಾವ ಕ್ಷಣಕ್ಕೆ ಬೆರಳು ಇಳಿಯಿತು, ಯಾವ ಕ್ಷಣಕ್ಕೆ ಎದ್ದಿತು, ಎಷ್ಟು ಭಾರ ಬಿತ್ತು. ಮೊದಲನೆಯದರ ಭಾರ ಮೂವತ್ತೊಂದು, ಎರಡನೆಯದು ನೂರಾನಾಲ್ಕು. ನೂರಿಪ್ಪತ್ತೇಳಕ್ಕಿಂತ ಜಾಸ್ತಿ ಅದಕ್ಕೆ ಎಣಿಸಲು ಬರುವುದಿಲ್ಲವಂತೆ.

ಆಮೇಲೆ ಅವರು ಕೈ ಕಟ್ಟಿಕೊಂಡು ಕೂತರು. ಕೀಬೋರ್ಡ್ ನನ್ನ ಮೂರು ಸ್ವರವನ್ನು ನುಡಿಸಿತು, ನನ್ನ ಹೆದರಿಕೆಯ ಸಮೇತ. ಒಂದು ಗುಂಡಿ ಒತ್ತಿ ಮತ್ತೆ ನುಡಿಸಿದರು: ಅದೇ ಹೆದರಿಕೆ, ಈ ಸಲ ಕೊಳಲಿನಲ್ಲಿ. ಮತ್ತೆ ಒತ್ತಿದರು: ಪಿಟೀಲಿನಲ್ಲಿ. ಬೆರಳು ನನ್ನದು, ಗಂಟಲು ಬೇರೆ ಬೇರೆಯವರದು.

“ಕೆಸರುಗದ್ದೆ ದಾಟಿ ಹೋದಂಗೆ ಇದು,” ಎಂದು ಅವರು ವಿವರಿಸಿದರು. “ಹೆಜ್ಜೆ ಎಲ್ಲಿ ಬಿತ್ತು, ಎಷ್ಟು ಭಾರ ಬಿಟ್ಟ, ಎಷ್ಟೊತ್ತು ನಿಂತ, ಎಲ್ಲ ಕೆಸರಾಗೆ ಇರ್ತದೆ. ಆದ್ರೆ ಅಂವ ಎಂತ ಅಂಗಿ ಹಾಕಿದ್ದ ಅಂತ ಕೆಸರಿಗೆ ಗೊತ್ತಿಲ್ಲ. ಶಹನಾಯಿ, ಕೊಳಲು, ಪಿಟೀಲು, ಇವೆಲ್ಲ ಅಂಗಿ. ನಾವು ಟೋನ್ ಅಂತೀವಿ. ಅದನ್ನ ನಾನು ಕೀಬೋರ್ಡಿನ ಮೇಲೆ ಕೈಯಾಗೆ ಆರಿಸಿಟ್ಟು ಹೊರಡ್ತಿದ್ದೆ. ಕರೆಂಟ್ ಹೋಗಿ ಬಂದ್ರೆ ಕೀಬೋರ್ಡಿಗೆ ಅದು ಮರ್ತು ಹೋಗ್ತದೆ. ಹುಟ್ಟಿದಾಗ ಇದ್ದ ಅಂಗಿಗೆ ವಾಪಸ್. ಅಂದ್ರೆ ಪಿಯಾನೋ. ಲ್ಯಾಪ್‌ಟಾಪಿಗೆ ಬ್ಯಾಟ್ರಿ ಇರ್ತದಲ್ಲ, ಅದು ನಿಲ್ದೆ ಹೆಜ್ಜೆ ಹೇಳ್ತಾನೇ ಹೋತು. ತಬಲಾಕ್ಕೆ ಬೇರೆ ಸಾಲು ಮೀಸಲು, ಅದ್ಕೇ ಅದೊಂದು ಸರಿ ಇತ್ತು.”

ಹೀಗೆ ಶುರುವಾಯಿತು ಅವರ ಎರಡು ಕಡೆಯ ಬದುಕು. ಮೊದಲ ದಿನ ಸಾಗರದಲ್ಲಿ ಮದುವೆ. ಮಧ್ಯಾಹ್ನ ನುಡಿಸಿ, ಸಂಜೆಯ ಹಾಡುಗಳಿಗೆ ಟೋನ್ ಇಟ್ಟು, ಯಾವ ಗುಂಡಿ ಒತ್ತಬೇಕೆಂದು ಗಣೇಶ್‌ಗೆ ಹೇಳಿ ಹೊರಟರು. ಲಾಂಚ್ ದಡ ಬಿಡುತ್ತಿದ್ದಾಗ ಫೋನ್ ಬಂತು. ಗಣೇಶ್ ಏನೂ ಮಾತಾಡದೆ ಫೋನನ್ನು ಸ್ಪೀಕರಿನ ಮುಂದೆ ಹಿಡಿದಿದ್ದರು. ಹೂವಪ್ಪ ರೇಲಿಂಗಿಗೆ ಒರಗಿ ಕೇಳಿದರು. ಪಕ್ಕದಲ್ಲಿ ಊರಿನ ಭೂತಪ್ಪ ಹಿಂಡಿಚೀಲದ ಮೇಲೆ ಕೂತಿದ್ದರು.

“ಯಾರದೋ ಅದು, ಚಲೋ ಬಾರಿಸ್ತಾನೆ?” ಎಂದು ಭೂತಪ್ಪ ಕೇಳಿದರಂತೆ.

“ನಂದೇ.”

“ನೀ ಇಲ್ಲಿದೀಯಲ್ಲ ಮಾರಾಯ.”

“ಅಲ್ಲೂ ಇದೀನಿ.”

“ಹಂಗಾರೆ ಟಿಕೆಟ್ ಎರಡು ತಗಾ.”

ನಡುನೀರಿಗೆ ಬಂದಾಗ ಸಿಗ್ನಲ್ ಹೋಯಿತು. ತಾನು ಅಲ್ಲಿ ಇನ್ನೂ ನುಡಿಸುತ್ತಲೇ ಇದ್ದೇನೆ ಎಂಬುದು ತಿಳಿದಿತ್ತು, ಕೇಳುತ್ತಿರಲಿಲ್ಲ. ಆ ಹೊತ್ತಿನ ಖುಷಿಯಂಥದ್ದು ಮತ್ತೆ ಬಂದಿಲ್ಲ ಎಂದು ಹೂವಪ್ಪ ಹೇಳಿದರು. ಎರಡು ದಡದಲ್ಲೂ ಇದ್ದ ಮನುಷ್ಯ ಆ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಆರು ವರ್ಷ ಹೀಗೆ ನಡೆಯಿತು. ಪ್ರತಿ ಆಷಾಢದಲ್ಲಿ ಹೊಸ ಹಾಡು ಬರೆದಿಡುವುದು, ಸೀಸನ್ನಿನಲ್ಲಿ ಕೀಬೋರ್ಡನ್ನು ಗಣೇಶ್ ಅವರ ಗೋಡೌನಿನಲ್ಲೇ ಬಿಡುವುದು. ನಲವತ್ತೊಂದು ಹಾಡಾಯಿತು. ಖಾಲಿ ಕುರ್ಚಿಗೆ ಜನ ಒಗ್ಗಿದರು. ಕುರ್ಚಿಯ ಮೇಲೆ ಮೊದಲು ಲ್ಯಾಪ್‌ಟಾಪ್ ಬಂತು, ಆಮೇಲೆ ಫೋಟೋದವರ ಬ್ಯಾಗು, ಆಮೇಲೆ ಮದುಮಗಳ ಅತ್ತೆಯ ವ್ಯಾನಿಟಿ ಬ್ಯಾಗು.

ಕಳೆದ ಮಳೆಗಾಲ ಹಿನ್ನೀರಿಗೆ ಸೇತುವೆ ಆಯಿತು. ಟಿವಿಯವರು ಬಂದರು, ಡ್ರೋನ್ ಹಾರಿಸಿದರು, ದ್ವೀಪ ಇನ್ನು ದ್ವೀಪವಲ್ಲ ಎಂದರು. ಆವತ್ತು ಹೂವಪ್ಪ ಇಷ್ಟೇ ಅಂದುಕೊಂಡರು: ಇನ್ನು ಸಂಜೆ ನಾನೇ ಕೂರಬಹುದು. ದೀಪಾವಳಿ ಕಳೆದು ಮದುವೆ ಶುರುವಾಗುವ ಮೊದಲು ಸಾಗರಕ್ಕೆ ಹೋಗಿ ಗಣೇಶ್‌ಗೆ ಹೇಳಿದರು.

ಗಣೇಶ್ ಕೆಟ್ಟವರಲ್ಲ. ಇದನ್ನು ಬರೆಯದೆ ಹೋದರೆ ಅನ್ಯಾಯವಾಗುತ್ತದೆ. ಅವರು ಕುಡಿಯಲು ಕಷಾಯ ಕೊಟ್ಟು, ಪ್ರೀತಿಯಿಂದಲೇ ಹೇಳಿದರು: “ಯಾಕಣ್ಣ ಸುಮ್ನೆ ಈ ವಯಸ್ಸಲ್ಲಿ ಕತ್ಲಲ್ಲಿ ಬೈಕು? ಫೈಲು ತಪ್ಪು ಮಾಡಲ್ಲ, ಸುಸ್ತಾಗಲ್ಲ. ನೀವು ಮಧ್ಯಾಹ್ನ ಬಂದು ಟೋನ್ ಇಟ್ಟು ಹೋಗಿ, ಸಾಕು.”

ಹಾಗೆ ಈ ಸೀಸನ್ನಿನಲ್ಲಿ ಹೂವಪ್ಪ ಸೇತುವೆ ದಾಟಿ ಬಂದು, ಗುಂಡಿ ಒತ್ತಿಟ್ಟು, ಮೂರು ಗಂಟೆಗೇ ಹೊರಟು, ಹಿಡಿಯಬೇಕಾದ ಲಾಂಚ್ ಇಲ್ಲದ ದಾರಿಯಲ್ಲಿ ಮನೆಗೆ ಹೋಗುತ್ತಿದ್ದರು. ಲಾಂಚಿನಿಂದ ಪಾರಾಗಲು ಕಲಿತ ವಿದ್ಯೆ ಲಾಂಚ್ ಹೋದ ಮೇಲೂ ಅವರನ್ನು ಮೂರಕ್ಕೇ ಏಳಿಸುತ್ತಿತ್ತು. ಆ ಕುರ್ಚಿಗೆ ಅವರನ್ನು ಕಟ್ಟಿದ್ದ ಕೊನೆಯ ಎಳೆ ಎಂದರೆ ಟೋನ್ ಇಡುವ ಆ ಐದು ನಿಮಿಷ.

ಅಷ್ಟರಲ್ಲಿ ಹೊಸನಗರ. ಬಿಂದು ನಿಂತುಹೋದ ವಿಡಿಯೋ ಮೂರು ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿ ಓಡಿತು. ‘ಹಾಡು ಬರದವಳು’ ಎಂದು ಕೆಳಗೆ ಯಾರೋ ಬರೆದರು. ಬರೆದವರು ಆ ದಿನ ಅಲ್ಲೇ ಉಂಡವರು. ನಾನು ತುಮರಿಯ ಆ ಜಗಲಿಯಲ್ಲಿ ಕೂತಿದ್ದಾಗಲೇ ಬಿಂದು ಅವರ ಫೋನ್ ಬಂತು. ಹೂವಪ್ಪನವರ ಫೋನಿನ ಕಿವಿ ಹಾಳಾಗಿದ್ದರಿಂದ ಎಲ್ಲ ಮಾತೂ ಸ್ಪೀಕರಿನಲ್ಲೇ.

“ಹೂವಪ್ಪಣ್ಣ, ಎಂತ ಮಾಡ್ತಿದೀರಿ?”

“ಕೀಬೋರ್ಡ್ ನೋಡ್ತಿದೀನಿ ಕಣೆ.”

“ನೋಡಿ, ನೋಡಿ. ನಮ್ಮನೆ ಪಕ್ಕದ ಮಾಸ್ತಮ್ಮ ಇವತ್ತು ನಂಗೆ ಹಾಡೋದು ಹ್ಯಾಂಗೆ ಅಂತ ಹೇಳ್ಕೊಟ್ರು. ಅವ್ರಿಗೆ ಕಿವಿ ಕೇಳಲ್ಲ.”

ಹೂವಪ್ಪ ಫೋನನ್ನು ಕೀಬೋರ್ಡಿನ ಪಕ್ಕಕ್ಕೆ ಸರಿಸಿದರು.

“ಟೋನ್ ಹೋಗಿದ್ದು ಹಾಳಾಗ್ಲಿ ಅಣ್ಣ, ಅದು ಒಂದಿನದ್ದು. ಆರು ವರ್ಷದಿಂದ ನಂಗೆ ಉಸಿರು ಬೇಕು ಅಂತ ಆ ಫೈಲಿಗೆ ಗೊತ್ತಾಗ್ಲಿಲ್ಲ. ಮಧ್ಯಾಹ್ನ ನೀವಿದ್ರೆ ನಾನು ಸ್ವಲ್ಪ ನಿಂತ್ರೆ ನೀವೂ ನಿಲ್ತೀರಿ. ಸಂಜೆ ಅದರ ಹಿಂದೆ ಓಡೋದೇ ನನ್ ಕೆಲ್ಸ. ಬಸ್ ಹಿಂದೆ ಓಡಿದಂಗೆ. ನೀವು ಬಾರ್ಸಿದ್ದೇ ಅಂತೆ. ನಿಮ್ ಹಂಗೆ ಇಲ್ಲ ಅದು.”

ಫೋನ್ ಇಟ್ಟ ಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ಟೋನನ್ನೂ ಫೈಲಿನೊಳಗೇ ಬರೆಯಲು ಬರುತ್ತದೆಯೇ?

“ಬರ್ತದೆ. ಹಾಡಿನ ತಲೆಯಾಗೆ ಒಂದು ನಂಬರ್ ಹಾಕಿದ್ರೆ ಆತು. ಶುರುವಾಗೋ ಮುಂಚೆ ಲ್ಯಾಪ್‌ಟಾಪೇ ಕೀಬೋರ್ಡಿಗೆ ಇಂಥಾ ಅಂಗಿ ಹಾಕ್ಕೋ ಅಂತ ಹೇಳ್ತದೆ. ಕರೆಂಟ್ ಹೋದ್ರೂ, ಹಾಡು ತಲೆಯಿಂದ ಶುರು ಮಾಡಿದ್ರೆ ಸರಿಯಾಗ್ತದೆ.”

“ಮತ್ತೆ ಯಾಕೆ ಬರೆದಿರಲಿಲ್ಲ?”

“ಮೊದಲ ಎರಡು ವರ್ಷ ಗೊತ್ತಿರ್ಲಿಲ್ಲ.”

“ಆಮೇಲೆ?”

ಹೂವಪ್ಪ ಕೀಲಿಗಳ ಮೇಲೆ ಬಿದ್ದ ಒಂದು ಇರುವೆಯನ್ನು ಊದಿದರು. “ಆಮೇಲೆ ಗೊತ್ತಾತು. ಅದನ್ನೂ ಬರ್ದು ಕೊಟ್ರೆ ನಾ ಅಲ್ಲಿಗೆ ಹೋಗಾಕೆ ಎಂತ ಉಳೀತದೆ ಹೇಳಿ. ಅದೊಂದು ನನ್ ಕೈಯಾಗೆ ಇರ್ಲಿ ಅಂತ ಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ಅದು ತಪ್ಪಾ?”

ನನ್ನ ಬಾಯಿಗೆ ‘ಅಲ್ಲ’ ಎಂಬುದು ಬಂದಿತ್ತು. ದುಡಿದ ಮನುಷ್ಯ ತನ್ನ ಜಾಗಕ್ಕೆ ಒಂದು ಗೂಟ ಹೊಡೆದುಕೊಂಡರೆ ಏನು ತಪ್ಪು? ಆದರೆ ಬಾಗಿಲಲ್ಲಿ ನಿಂತಿದ್ದ ಯಮುನಮ್ಮ ಮೊದಲು ಮಾತಾಡಿದರು.

“ತಪ್ಪು. ಬಚ್ಚಿಟ್ಟಿದ್ದು ನೀವು, ಹೊಡ್ತ ತಿಂದಿದ್ದು ಆ ಹುಡುಗಿ. ಹೇಳಿ ಮಾಡಿದ್ರೆ ತಪ್ಪಿರ್ಲಿಲ್ಲ.”

ಹೂವಪ್ಪ ಕೀಬೋರ್ಡಿನ ಪುಸ್ತಕ ಕೇಳಿದರು.

ನಾನು ಆ ಮಧ್ಯಾಹ್ನ ಇಡೀ ಅಲ್ಲೇ ಕೂತು ನೋಡಿದ್ದೇನೆ. ಪುಸ್ತಕದ ಪಟ್ಟಿಯಲ್ಲಿ ಶಹನಾಯಿಯ ನಂಬರ್ ನೂರಾಹನ್ನೆರಡು. ಯಮುನಮ್ಮ ಓದಿದರು, ಹೂವಪ್ಪ ಹೊಡೆದರು, ಹಾಡು ಬಿಟ್ಟರು. ಶಹನಾಯಿಯ ಜಾಗದಲ್ಲಿ ಪುಟ್ಟ ಗಂಟೆಗಳು ಟಿಣಿಟಿಣಿ ಅಂದವು. ಪೂಜೆ ಮಾಡುವವರ ಕೈಗೆ ಯಾರೋ ಮದುವೆ ಹಾಡು ಕೊಟ್ಟ ಹಾಗಿತ್ತು. ಮತ್ತೆ ಹೊಡೆದರು, ಮತ್ತೆ ಗಂಟೆ. ಕಾಲು ಗಂಟೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಪುಸ್ತಕ ಒಂದರಿಂದ ಎಣಿಸುತ್ತದೆ, ಆ ಲ್ಯಾಪ್‌ಟಾಪ್ ಸೊನ್ನೆಯಿಂದ ಎಣಿಸುತ್ತದೆ. ಎಲ್ಲದಕ್ಕೂ ಒಂದು ಕಡಿಮೆ ಹಾಕಬೇಕು. ನೂರಾಹನ್ನೊಂದು ಹಾಕಿದರು. ಶಹನಾಯಿ ಬಂತು. ಕೀಬೋರ್ಡ್ ಆರಿಸಿ, ಮತ್ತೆ ಹಾಕಿ, ಹಾಡನ್ನು ತಲೆಯಿಂದ ಬಿಟ್ಟರು. ಮತ್ತೂ ಶಹನಾಯಿ. ಹೂವಪ್ಪನವರ ಮುಖದಲ್ಲಿ ಗೆದ್ದ ಕಳೆ ಇತ್ತು, ಸೋತ ಕಳೆಯೂ ಇತ್ತು.

ನಾಲ್ಕು ದಿನ ಹಿಡಿಯಿತು ನಲವತ್ತೊಂದು ಹಾಡಿಗೆ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಯಾರೂ ಹಾಡದ, ಬರೀ ವಾದ್ಯದ ಹದಿಮೂರನ್ನು ಪೂರ್ತಿ ಬಿಟ್ಟರು. ಬಿಂದು ಹಾಡುವ ಇಪ್ಪತ್ತೆಂಟನ್ನು ತುಂಡು ಮಾಡಿದರು. ಪಲ್ಲವಿ ಮುಗಿದ ಕೂಡಲೇ ಫೈಲ್ ನಿಲ್ಲುತ್ತದೆ. ಅಲ್ಲಿ ಗಾಯಕಿಗೆ ಕೊಳಲಿನ ಉತ್ತರ ಬರಬೇಕು, ಆ ಉತ್ತರವನ್ನು ಅಳಿಸಿಹಾಕಿದರು. ಅದನ್ನು ಕೀಲಿಯ ಮೇಲೆ ಕೈಯಿಟ್ಟೇ ನುಡಿಸಬೇಕು. ಹಾಡುವವರು ಉಸಿರು ತೆಗೆದುಕೊಂಡು ತಲೆ ಆಡಿಸಿದ ಮೇಲೆ ಮುಂದಿನ ತುಂಡು ಒತ್ತಬೇಕು. ಅಂದರೆ ಕಿವಿ ಇರುವ ಒಬ್ಬ ಮನುಷ್ಯ ಅಲ್ಲಿ ಕೂತಿರಬೇಕು.

ಜನವರಿಯ ಒಂದು ಬೆಳಿಗ್ಗೆ ಸಾಗರದ ಗೋಡೌನಿನಲ್ಲಿ ಹೂವಪ್ಪ ಪೆನ್‌ಡ್ರೈವ್ ಕೊಟ್ಟರು. ನಾನೂ ಇದ್ದೆ, ಬಿಂದು ಮೇಳಿಗೆಯಿಂದ ಬಂದಿದ್ದರು.

“ಟೋನ್ ಎಲ್ಲ ಒಳಗೇ ಇದೆ,” ಎಂದರು ಹೂವಪ್ಪ. “ಅದನ್ನ ಇಷ್ಟು ವರ್ಷ ಬೇಕಂತ್ಲೇ ಬಿಟ್ಟಿದ್ದೆ. ನಂದು ತಪ್ಪು. ಬಿಂದು, ನಿಂಗೂ ಹೇಳ್ತಿದೀನಿ. ಆದ್ರೆ ಗಣೇಶ, ಈ ಇಪ್ಪತ್ತೆಂಟು ಹಾಡಾಗೆ ಜಾಗ ಬಿಟ್ಟಿದೀನಿ. ಇದನ್ನ ಬಚ್ಚಿಟ್ಟು ಮಾಡಿಲ್ಲ, ನಿನ್ ಎದ್ರಿಗೆ ಹೇಳಿ ಮಾಡಿದೀನಿ. ಅಲ್ಲಿ ಯಾರಾದ್ರೂ ಕೂರ್ಬೇಕು. ನಾನೇ ಆಗ್ಬೇಕು ಅಂತಿಲ್ಲ.”

ಗಣೇಶ್‌ಗೆ ಸಿಟ್ಟು ಬಂತು. “ಇದೊಳ್ಳೆ ಕಥೆ ಆಯ್ತಲ್ಲ ಅಣ್ಣ. ಚಪ್ಪರ ಕಟ್ಟಿಕೊಡಿ ಅಂದ್ರೆ ಒಂದು ಕಂಬ ಕಿತ್ಕೊಂಡು ಬಂದಿದೀರಿ. ಹಳೇ ಫೈಲ್ ನನ್ ಹತ್ರ ಇದೆ, ಅದ್ರಲ್ಲೇ ನಡೆಸ್ತೀನಿ.”

“ಹಳೇ ಫೈಲಿಗೆ ನಾನು ಹಾಡಲ್ಲ ಗಣೇಶಣ್ಣ,” ಎಂದರು ಬಿಂದು. ದನಿ ಏರಿಸಲಿಲ್ಲ. “ಬೇರೆಯವ್ರನ್ನ ನೋಡ್ಕೊಳ್ಳಿ. ಇಲ್ಲ ಹಾಡೋದನ್ನೂ ಫೈಲಿಗೆ ತುಂಬ್ಕೊಳ್ಳಿ. ಆಮೇಲೆ ನೀವೂ ಬರೋದು ಬೇಡ, ಲ್ಯಾಪ್‌ಟಾಪನ್ನೇ ಮದುವೆಗೆ ಕಳ್ಸಿ.”

ಗಣೇಶ್ ಸ್ಪೀಕರ್ ಡಬ್ಬದ ಮೇಲೆ ಕೂತರು. ಆಮೇಲೆ ನನ್ನ ಕಡೆ ತಿರುಗಿದರು. ತಪ್ಪೆಲ್ಲ ತನ್ನದೇ ಎಂದು ನಾನು ಬರೆದುಬಿಡುತ್ತೇನೆ ಎಂಬ ಅನುಮಾನ ಅವರಿಗೆ ಇದ್ದೇ ಇತ್ತು.

“ನೀವು ಬರೀತೀರಲ್ಲ, ಇದನ್ನೂ ಬರ್ಕೊಳ್ಳಿ. ಬುಕ್ ಮಾಡೋಕೆ ಬರೋರು ಲೈಟ್ ಎಷ್ಟು ಕೇಳ್ತಾರೆ. ಹೊಗೆ ಬಿಡೋ ಮಿಷನ್ ಇದ್ಯಾ ಕೇಳ್ತಾರೆ. ಸ್ಪೀಕರ್ ಎಷ್ಟೆತ್ತರ ಕೇಳ್ತಾರೆ. ಸಂಜೆ ಕೀಬೋರ್ಡಿಗೆ ಯಾರು ಕೂರ್ತಾರೆ ಅಂತ ಇಷ್ಟು ವರ್ಷದಲ್ಲಿ ಒಬ್ರೇ ಒಬ್ರು ಕೇಳಿಲ್ಲ. ಕೇಳ್ದೇ ಇರೋದನ್ನ ನಾನು ಯಾಕೆ ಕೊಡ್ಲಿ? ಮದುವೆ ಮನೆಯವ್ರು ಕೇಳ್ಲಿ. ಹೂವಪ್ಪಣ್ಣನ್ನೇ ಕೂರಿಸ್ತೀನಿ. ಮಾತು ಮಾತೇ.”

ಹೂವಪ್ಪ ತಲೆ ಆಡಿಸಿದರು. ಮನೆಯ ದಾರಿ ಹಿಡಿಯಲು ಅವರಿಗೆ ಆತುರವೇನೂ ಇರಲಿಲ್ಲ. ಡಬ್ಬಗಳ ನಡುವೆ ಕೀಬೋರ್ಡ್ ಬಿಚ್ಚಿ, ಬಿಂದು ಅವರನ್ನು ನಿಲ್ಲಿಸಿಕೊಂಡು ಒಂದು ಹಾಡು ಪರೀಕ್ಷೆ ಮಾಡಿದರು. ಪಲ್ಲವಿ ಮುಗಿಯಿತು. ಲ್ಯಾಪ್‌ಟಾಪ್ ನಿಂತಿತು. ಬಿಂದು ಉಸಿರು ಎಳೆದುಕೊಂಡರು, ಇನ್ನೂ ಸ್ವಲ್ಪ ಹೊತ್ತು ನಿಂತರು, ಬೇಕೆಂದೇ ಇರಬೇಕು. ಹೂವಪ್ಪ ಕಾದರು. ಆಮೇಲೆ ಕೊಳಲಿನಲ್ಲಿ ಉತ್ತರ ಕೊಟ್ಟರು. ಡಬ್ಬದ ಮೇಲೆ ಕೂತಿದ್ದ ಗಣೇಶ್ ಕಾಲಿನಲ್ಲಿ ತಾಳ ಹಾಕುತ್ತಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ಇದು ನಡೆದು ಮೂರು ವಾರವಾಯಿತು. ಇವತ್ತಿನವರೆಗೆ ಯಾರೂ ಕೇಳಿಲ್ಲ ಎಂದು ನಿನ್ನೆ ಹೂವಪ್ಪ ಫೋನಿನಲ್ಲಿ ಹೇಳಿದರು. ಎರಡು ಮದುವೆ ಹೋಯಿತು. ಎರಡರಲ್ಲೂ ಬಿಂದು ಹಾಡಿಲ್ಲ, ಬರೀ ವಾದ್ಯದ ಫೈಲುಗಳು ಓಡಿವೆ. ಹಾಡು ಯಾಕಿಲ್ಲ ಎಂದು ಕೂಡ ಯಾರೂ ವಿಚಾರಿಸಿಲ್ಲ.

ಮಾಘ ಬಂತು. ನಿಮ್ಮ ಮನೆಯಲ್ಲೋ, ನಿಮ್ಮ ಅಣ್ಣನ ಮನೆಯಲ್ಲೋ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತಿದೆ. ಆರ್ಕೆಸ್ಟ್ರಾದವರಿಗೆ ಫೋನ್ ಮಾಡುವವರು ನೀವೇ. ಗಣೇಶ್ ಅವರಿಗೇ ಮಾಡಿ ಎಂದಲ್ಲ, ಯಾವ ತಂಡಕ್ಕಾದರೂ ಮಾಡಿ. ಲೈಟಿನ ಮಾತಿಗೆ ಮುಂಚೆ, ಹೊಗೆಯ ಮಿಷನ್ನಿನ ಮಾತಿಗೆ ಮುಂಚೆ, ಇಷ್ಟು ಕೇಳಿ: ಸಂಜೆ ಕೀಬೋರ್ಡಿಗೆ ಯಾರು ಕೂರುತ್ತಾರೆ? ಅವರು ಒಬ್ಬ ಮನುಷ್ಯನ ಹೆಸರು ಹೇಳುವವರೆಗೆ ಫೋನ್ ಇಡಬೇಡಿ.